ಅರ್ಧ ಗಂಟೆಯ ನೆರಳು

ಏಪ್ರಿಲ್ 9, ಬುಧವಾರ
ಚಳ್ಳಕೆರೆ ಬಸ್ಸು ಇವತ್ತೂ ತಡ. ಕುದಾಪುರ ದಾರಿಯ ಹಾಸ್ಟೆಲ್ ಸೈಟಿಗೆ ಬರುವಷ್ಟರಲ್ಲಿ ಸ್ಲ್ಯಾಬ್ ಕೆಲಸ ಶುರುವಾಗಿತ್ತು. ಮಧ್ಯಾಹ್ನ ಯಾರೂ ಕೂರುವ ಹಾಗಿಲ್ಲ ಎಂದ ಮ್ಯಾನೇಜರ್ ಜಂಪಣ್ಣ. ಹೆಂಗಸರು ನಿಂತೇ ಮುದ್ದೆ ನುಂಗಿದರು. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ವಿರಾಮ ಕೊಡಬೇಕು, ಕಾನೂನೇ ಇದೆ, ಸರದಿ ಮೇಲೆ ಬಿಡಿ ಎಂದೆ.
"ಫರ್ಹತ್ ಮೇಡಂ, ನೀವು ಸೂಪರ್‌ವೈಸರ್. ಲಾಯರ್ ಅಲ್ಲ."
ಮೈ ಉರಿಯಿತು.

ಏಪ್ರಿಲ್ 10
ನಾಳೆ ಲೇಬರ್ ಇನ್‌ಸ್ಪೆಕ್ಟರ್ ಬರುತ್ತಾರಂತೆ. ವಿಶ್ರಾಂತಿ ಶೆಡ್‌ನಲ್ಲಿ ಪೇರಿಸಿದ್ದ ಸಿಮೆಂಟ್ ಮೂಟೆಗಳೆಲ್ಲ ಹೊರಗೆ. ಚಾಪೆ ಬಂತು, ನೀರಿನ ಕ್ಯಾನ್ ಬಂತು. ಮೂಟೆ ಹೊರಿಸಿದ್ದು ಯಾವಾಗ? ಊಟದ ಹೊತ್ತಿನಲ್ಲೇ! ನಾಚಿಕೆ ಬೇಡವೇ...

ಏಪ್ರಿಲ್ 11, ಸಂಜೆ
ಇನ್‌ಸ್ಪೆಕ್ಟರ್ ಬಂದರು. ಎಲ್ಲರನ್ನೂ ಚಾಪೆ ಮೇಲೆ ಕೂರಿಸಿ ಫೋಟೋ ತೆಗೆದದ್ದಾಯಿತು. ಜೀಪು ಹೋದದ್ದೇ ತಡ, ಜಂಪಣ್ಣ ಚಪ್ಪಾಳೆ ತಟ್ಟಿದ. ಏಳಿ, ಸಾಕು. ಬುತ್ತಿಯನ್ನೇ ಬಿಚ್ಚಿರದವರೆಲ್ಲ ಎದ್ದರು. ಜಲ್ಲಿ ಹೊರುವ ಸಿದ್ದಾಪುರದ ಹೊನ್ನಕ್ಕ ಮಾತ್ರ ಏಳಲಿಲ್ಲ.
"ಕೂತ್ಕೊ ಅಂದೋರು ನೀವೇ ಅಲ್ವೇನ್ರಿ? ಉಂಡು ಬರ್ತೀನಿ."
ಅವನು ಕೂಗಾಡಿದ. ಅವಳು ಮುದ್ದೆ ಮುರಿದಳು. ಪಕ್ಕದ ಪಾತಮ್ಮ ಮತ್ತೆ ಕೂತಳು. ಆಮೇಲೆ ಒಬ್ಬೊಬ್ಬರೇ, ಎಲ್ಲರೂ. ಕಾಂಕ್ರೀಟ್ ಕಲಸುವ ಮಿಷಿನ್ ಒಂದೇ ಸುಮ್ಮನೆ ತಿರುಗುತ್ತಿತ್ತು.

ಏಪ್ರಿಲ್ 12
ಹೊನ್ನಕ್ಕನನ್ನು ಜಂಪಣ್ಣ ಗೇಟಿನಲ್ಲೇ ತಡೆದಿದ್ದಾನೆ! ಹುಷಾರಿಲ್ಲದೆ ಬಂದಿಲ್ಲ ಎಂದು ಹಾಜರಿಯಲ್ಲಿ ಬರೆಯಬೇಕಂತೆ ನಾನು. ಕಣ್ಣೆದುರೇ ನಿಂತಿದ್ದಾಳೆ, ಬರೆಯುವುದಿಲ್ಲ ಎಂದೆ. ಹಾಗಾದರೆ ನಿಮ್ಮ ಕೆಲಸವನ್ನೂ ಬೇರೆ ಕಡೆ ನೋಡಿಕೊಳ್ಳಿ ಎಂದ. ಅವನೆದುರಿಗೇ ಇನ್‌ಸ್ಪೆಕ್ಟರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ನೋಡ್ತೀವಿ ಎಂದರು. ಅಷ್ಟೇ. ಆದರೆ ಉಳಿದ ಹೆಂಗಸರೂ ಗೇಟು ದಾಟಲಿಲ್ಲ. ಬಿಸಿಲು ಏರಿತು, ಕೆಲಸ ನಿಂತಿತು. ಕೊನೆಗೆ ಮುಖ ಗಂಟಿಕ್ಕಿಕೊಂಡು ಅವನೇ ಗೇಟು ತೆಗೆಸಿದ. ಹೊನ್ನಕ್ಕ ಒಳಗೆ ಬಂದು ಬುಟ್ಟಿ ಎತ್ತಿಕೊಂಡಳು.

ಏಪ್ರಿಲ್ 21, ಮಧ್ಯಾಹ್ನ
ಇನ್‌ಸ್ಪೆಕ್ಟರ್ ಕಡೆಯಿಂದ ಯಾರೂ ನೋಡಲು ಬರಲಿಲ್ಲ. ಶೆಡ್ ತುಂಬ ಮತ್ತೆ ಸಿಮೆಂಟು. ಊಟಕ್ಕೆ ಬಿಡಿ ಎಂದು ಬೆಳಿಗ್ಗೆಯಿಂದ ಎರಡು ಸಲ ಕೇಳಿದೆ, ಜಂಪಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದು ಗಂಟೆಗೆ ಮಿಷಿನ್ ನಾನೇ ನಿಲ್ಲಿಸಿದೆ. ಈಗ ಎಲ್ಲರೂ ಹೊಸ ಮೆಟ್ಟಿಲ ಕೆಳಗಿನ ನೆರಳಲ್ಲಿ. ನಾನೂ. ಪಾತಮ್ಮ ನನ್ನ ಡಬ್ಬಿಗೆ ಹುಚ್ಚೆಳ್ಳು ಚಟ್ನಿ ಹಾಕಿದಳು. ಮಿಷಿನ್ ನಿಲ್ಲಿಸಿದ್ದು ಯಾರು ಎಂದು ಕೂಗುತ್ತಾ ಬರುತ್ತಿದ್ದಾನೆ ಜಂಪಣ್ಣ. ಬರಲಿ. ಹೇಳುತ್ತೇನೆ. ಎದ್ದು ನಿಂತು ಅಲ್ಲ, ಕೂತೇ—