ಬಣ್ಣದ ದಿನದ ನೀರು

ಭುವನಾ,

ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಎರಡು ಬಾಗಿಲು ದಾಟಿದರೆ ನಿನ್ನ ಮನೆ. ಇಷ್ಟು ವರ್ಷ ಬರೆಯುವ ಅಗತ್ಯವೇ ಬೀಳಲಿಲ್ಲ. ಕರೆದರೆ ಕೇಳಿಸುತ್ತಿತ್ತು. ಈಗ ಕರೆದರೆ ನಿನ್ನ ಮಗಳು ಜಯಶ್ರೀ ಹೊರಗೆ ಬಂದು, ನಿನ್ನದೇ ದನಿಯಲ್ಲಿ "ಏನ್ರಿ ದೊಡ್ಡವ್ವಾ" ಅನ್ನುತ್ತಾಳೆ. ನಾನು ತಿರುಗಿ ಒಳಗೆ ಬರುತ್ತೇನೆ.

ರಜೆಯ ದಿನಗಳಲ್ಲಿ ನಿನ್ನ ಬಣ್ಣದ ಹಂಡೆಯ ಪಕ್ಕ ಕೂತು ಕವಿತೆ ಓದುತ್ತಿದ್ದೆನಲ್ಲ, ಅದನ್ನೇ ನೆನೆಯುತ್ತಿದ್ದೇನೆ. ನೀನು ಕೋಲಿನಿಂದ ನೂಲಿನ ಲಡಿಗಳನ್ನು ತಿರುವುತ್ತ, "ಏನೂ ತಿಳೀಲಿಲ್ಲ, ಆದ್ರ ಚೊಲೊ ಐತಿ, ಇನ್ನೊಮ್ಮಿ ಓದು" ಅನ್ನುತ್ತಿದ್ದೆ. ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಮಾಡಿದ್ದೇನೆ, ಅಷ್ಟು ಪ್ರಾಮಾಣಿಕವಾಗಿ ಕೇಳಿದವರು ನನಗೆ ಇನ್ನೊಬ್ಬರು ಸಿಗಲಿಲ್ಲ.

ನನ್ನ ತಮ್ಮ ಸಂಗಮೇಶನಿಗೆ ನಮ್ಮ ಭಾಗದ ನೀರಿನ ಟಾಕಿ ನೋಡಿಕೊಳ್ಳುವ ಕೆಲಸ ಸಿಕ್ಕಾಗ ನನಗಿಂತ ಹೆಚ್ಚು ಹಿಗ್ಗಿದವಳು ನೀನು. ಪೈಪಿನ ಕೊನೆಯ ನಳ ನಿನ್ನದಾದ್ದರಿಂದ ಅವನು ನೀರು ಪರೀಕ್ಷೆಗೆ ನಿನ್ನ ಅಂಗಳಕ್ಕೇ ಬರುತ್ತಿದ್ದ. ಗಾಜಿನ ಸಣ್ಣ ನಳಿಗೆಯಲ್ಲಿ ನೀರು ಹಿಡಿದು, ಔಷಧದ ಹನಿ ಬಿಟ್ಟು, ಬೆಳಕಿಗೆ ಎತ್ತಿ ನೋಡುತ್ತಿದ್ದ. ನೀರು ಹಳದಿಯಾದರೆ ಟಾಕಿಗೆ ಹಾಕಿದ ಬ್ಲೀಚಿಂಗ್ ಪುಡಿ ಕೊನೆಯ ಮನೆಯವರೆಗೂ ಮುಟ್ಟಿದೆ ಎಂದರ್ಥ. ನೀನು ಬಿದ್ದು ಬಿದ್ದು ನಗುತ್ತಿದ್ದೆ. "ಇದ್ಯಾತರ ಹಳದಿಯೋ ತಮ್ಮಾ, ಅರಿಷಿಣದ ಕೈ ತೊಳದಂಗೈತಿ. ಬಾ, ನಮ್ಮ ಹಂಡೆ ಮುಂದ ಕುಂಡ್ರು, ಖರೆ ಹಳದಿ ತೋರಸ್ತೇನಿ." ಅವನೂ ಬಿಡುತ್ತಿರಲಿಲ್ಲ. "ನಿಮ್ಮ ಬಣ್ಣ ಸೀರಿ ಕಾಯತೈತಿ, ನನ್ನ ಬಣ್ಣ ಜೀವ ಕಾಯತೈತವಾ" ಅನ್ನುತ್ತಿದ್ದ.

ಈ ನಗೆಯ ಹಿಂದೆ ನಿಮ್ಮಿಬ್ಬರ ನಡುವೆ ಇನ್ನೊಂದು ಮಾತು ನಡೆಯುತ್ತಿತ್ತು ಎಂದು ನನಗೆ ತಿಳಿದದ್ದು ಬಾಗಲಕೋಟೆಯ ದವಾಖಾನೆಯಲ್ಲಿ. ಸಲಾಯಿನ್ ಚುಚ್ಚಿದ ಕೈಯಿಂದ ನನ್ನ ಸೆರಗು ಹಿಡಿದು ಹೇಳಿದೆ: "ವಿದ್ಯಾ, ಪುಡಿ ಹಾಕಬ್ಯಾಡ ಅಂತ ನಾನ ಹೇಳಿದ್ದೆ. ಸಂಗಮೇಶಗ ಏನೂ ಆಗದಂಗ ನೋಡ." ಜ್ವರದ ಬಡಬಡಿಕೆ ಅಂದುಕೊಂಡೆ. ಮರುದಿನ ಮುಂಜಾನೆ ನೀನಿರಲಿಲ್ಲ.

ನಿನ್ನ ಮಣ್ಣು ಮುಗಿಸಿ ಬಂದ ಮೇಲೆ ಸಂಗಮೇಶನನ್ನು ಕೇಳಿದೆ. ತಲೆ ತಗ್ಗಿಸಿಕೊಂಡೇ ಹೇಳಿದ. ಪುಡಿಯ ನೀರಲ್ಲಿ ನೂಲಿನ ದಾಳಿಂಬರಿ ಕೆಂಪು ಮಸುಕಾಗುತ್ತಿತ್ತಂತೆ. ನೀರು ಹಿಡಿದು, ಬಿಸಿಲಿಗೆ ತೆರೆದಿಟ್ಟು, ವಾಸನೆ ಹೋದ ಮೇಲೆ ಬಳಸೋಣವೆಂದರೆ ಅಷ್ಟು ಪಾತ್ರೆಯೂ ನಿನಗಿರಲಿಲ್ಲ, ಅಷ್ಟು ಪುರುಸೊತ್ತೂ ಇರಲಿಲ್ಲ. "ನಾಳೆ ನಮ್ಮದು ಬಣ್ಣದ ದಿನ ಐತೊ ತಮ್ಮಾ, ಒಂದ್ ದಿನ ಪುಡಿ ಹಾಕಬ್ಯಾಡಪಾ" ಎಂದು ಕೇಳುತ್ತಿದ್ದೆಯಂತೆ. ಅವನು ಹಾಕುತ್ತಿರಲಿಲ್ಲವಂತೆ. ಒಂದು ಸಲ ಏನೂ ಆಗಲಿಲ್ಲ. ಮುಂದಿನ ಸಲವೂ ಆಗಲಿಲ್ಲ. ಏನೂ ಆಗದಿರುವುದೇ ಇಬ್ಬರಿಗೂ ಅಭ್ಯಾಸವಾಯಿತು.

ಈ ಮಳೆಗಾಲದಲ್ಲಿ ರಸ್ತೆ ಅಗೆದವರು ಗಟಾರದ ಪಕ್ಕದ ಪೈಪು ಒಡೆದು, ಮಣ್ಣು ಮುಚ್ಚಿ ಹೋದರು. ಹೊಲಸು ಒಳಗೆ ಸೇರಿದ್ದು ಯಾರಿಗೂ ಕಾಣಲಿಲ್ಲ. ಅದು ನಿನ್ನ ಬಣ್ಣದ ದಿನವಾಗಿತ್ತು, ಟಾಕಿಗೆ ಪುಡಿ ಬಿದ್ದಿರಲಿಲ್ಲ. ಓಣಿಯ ಅರ್ಧ ಮನೆಗಳಲ್ಲಿ ವಾಂತಿಭೇದಿ ಶುರುವಾಯಿತು. ಎಲ್ಲರೂ ದವಾಖಾನೆಗೆ ಓಡಿದರು, ನೀನು ಮಾತ್ರ ಓಡಲಿಲ್ಲ. ಇಳಕಲ್ಲಿನ ಅಂಗಡಿಯವರ ಮದುವೆ ಸೀರೆಗಳ ನೂಲು ಹಂಡೆಯಲ್ಲಿತ್ತು. "ಲಡಿ ತಗದು ಬರ್ತೇನಿ" ಅಂದೆಯಂತೆ. ತೆಗೆದು, ಹಿಂಡಿ, ನೆರಳಿಗೆ ಹಾಕಿಯೇ ಬಿದ್ದೆ. ಆ ಕೆಂಪು ಚೆನ್ನಾಗಿ ಬಂದಿತ್ತು ಭುವನಾ. ನಾನು ಅದನ್ನು ಕಣ್ಣೆತ್ತಿ ನೋಡಲಾರೆನಾದೆ.

ನೀನು ಹೋದ ಮೂರನೆಯ ದಿನ ನಿನ್ನ ಗಂಡ ಪಾಂಡಪ್ಪ ನಮ್ಮ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದ. "ಹೊರಗ ಬಾರಲೇ ಸಂಗ್ಯಾ! ಪುಡಿ ಹಾಕಾಕ ಕೈ ನೋಯ್ತಿತ್ತೇನು? ನನ್ನ ಹೆಂಡ್ತಿನ್ನ ನುಂಗಿದಿ!" ಸಂಗಮೇಶ ಹೊರಗೆ ಹೋಗಿ ನಿಂತ, ಬಾಯಿ ಬಿಡಲಿಲ್ಲ. ನೀರು ಸರಬರಾಜು ಕಚೇರಿಯವರು ಕೇಳಿದಾಗಲೂ "ಮರೆತೆ" ಅಂದ, ಅಷ್ಟೇ. ನಾನು ರೇಗಿದೆ. ಅವನು ಅಂದ: "ಸತ್ತಾಕಿ ಹೆಸರು ಹೇಳಿ ಬದುಕಲೇನಕ್ಕಾ? ಜಯಶ್ರೀ ಇದ ಓಣ್ಯಾಗ ತಲಿ ಎತ್ತಿ ತಿರಗಬೇಕು."

ಅವನು ನಿನ್ನ ಹೆಸರು ಕಾಯುತ್ತಿದ್ದ. ನೀನು ಅವನನ್ನು ಕಾಯಲು ನನಗೆ ಹೇಳಿ ಹೋಗಿದ್ದೆ. ಎರಡರಲ್ಲಿ ಒಂದು ಮಾತ್ರ ನನ್ನಿಂದಾಗುವಂಥದ್ದು. ಹೇಳುವುದಿದ್ದರೆ ಮೊದಲು ಪಾಂಡಪ್ಪನಿಗೇ ಹೇಳಬೇಕು ಅನ್ನಿಸಿತು. ಇವತ್ತು ಕಚೇರಿಯಲ್ಲಿ ಸಂಗಮೇಶನ ವಿಚಾರಣೆ ಇತ್ತು; ನಿನ್ನೆ ಸಂಜೆ ನಿನ್ನ ಮನೆಗೆ ಹೋದೆ. ಮಗ್ಗ ನಡೆದಿತ್ತು. "ಪಾಂಡಪ್ಪ, ಭುವನಾ ದವಾಖಾನಿಯೊಳಗ ಒಂದ್ ಮಾತು ಹೇಳಿದ್ಲು" ಅನ್ನುವಷ್ಟರಲ್ಲಿ ಮಗ್ಗ ನಿಂತಿತು.

"ನನಗ ಗೊತ್ತೈತ್ರಿ ಅಕ್ಕಾರ," ಅಂದ. "ಆಕಿ ಒಲ್ಲೆ ಅಂತಿದ್ಲು. ಕೂಸು ಕುನ್ನಿ ಕುಡಿಯೋ ನೀರದು, ಹೆಂಗ ಕೇಳಲಿ ಅಂತಿದ್ಲು. ಹೋಗ, ನಿನ್ನ ಮಾತು ಅಂವ ಮೀರಂಗಿಲ್ಲ ಅಂತ ನಾನ ನೂಕಿ ಕಳಸ್ತಿದ್ದೆ. ಯಾರ ಮ್ಯಾಲರ ಒದರದಿದ್ರ ನನ್ನ ಎದಿ ಒಡೀತಿತ್ರಿ."

ಇಷ್ಟು ವರ್ಷದ ಗೆಳೆತನದಲ್ಲಿ ಈ ಒಂದು ಮಾತನ್ನು ನೀನು ನನ್ನಿಂದ ಮುಚ್ಚಿಟ್ಟೆ. ಸಾಯುವಾಗಲೂ ಅರ್ಧವನ್ನೇ ಹೇಳಿದೆ; ಗಂಡನ ಪಾಲನ್ನು ನೀನೇ ಹೊತ್ತುಕೊಂಡೆ. ನನಗೆ ನಿನ್ನ ಮೇಲೆ ಸಿಟ್ಟಿದೆ. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಈ ಕಾಗದದಲ್ಲಿ ಇಡುತ್ತಿದ್ದೇನೆ.

ಇವತ್ತು ಪಾಂಡಪ್ಪ ಕರೆಯದೆಯೇ ಕಚೇರಿಗೆ ಬಂದ. ಎಲ್ಲರೆದುರು ನಿಂತು, ಪುಡಿ ಹಾಕದಂತೆ ಮಾಡಿದ್ದು ತಾನೇ ಎಂದ. ನಿನ್ನ ಹೆಸರು ಎತ್ತಲಿಲ್ಲ. ಸಾಹೇಬರು ಸಿಟ್ಟೇನೂ ಮಾಡಲಿಲ್ಲ. "ಕೇಳಿದವರು ಯಾರಾದರೇನು, ಹಾಕಬೇಕಾದವನು ಅವನು" ಅಂದರು. ಸಂಗಮೇಶ, "ಖರೆ ಐತ್ರಿ" ಅಂದ. ಕೆಲಸ ಹೋಯಿತು. ಬರುವಾಗ ದಾರಿಯಲ್ಲಿ ನನಗೆ ಹೇಳಿದ: "ಅವರಿಗೆ ಗರಜಿತ್ತು, ಕೇಳಿದ್ರು. ಒಲ್ಲೆ ಅನ್ನೋದು ನನ್ನ ಕೆಲಸ ಇತ್ತಕ್ಕಾ."

ಪಾಂಡಪ್ಪ ನಮ್ಮ ಹಿಂದೆ ದೂರದಲ್ಲಿ ಬರುತ್ತಿದ್ದ. ತನ್ನ ಮನೆಯ ಕಡೆ ತಿರುಗಬೇಕಾದವನು ನಮ್ಮ ಕಟ್ಟೆಯ ಮುಂದೆ ನಿಂತ. ಅಂದು ಕೂಗಿ ಹೋದ ಮೇಲೆ ಇತ್ತ ಕಾಲಿಟ್ಟಿರಲಿಲ್ಲ. ನೆಲ ನೋಡುತ್ತ, "ಅಕ್ಕಾರ, ಒಂದ್ ತಂಬಗಿ ನೀರು ಕೊಡ್ರಿ" ಅಂದ.

ಕೊಟ್ಟೆ. ಮುಂಜಾನೆ ಸಂಗಮೇಶನೇ ಪುಡಿ ಹಾಕಿ ಬಿಟ್ಟ ನೀರು. ಎತ್ತಿ, ನಿಲ್ಲಿಸದೆ ಕುಡಿದ. ಬಾಯಿ ಒರೆಸಿಕೊಂಡು, ಸಂಗಮೇಶನ ಕಡೆ ನೋಡದೆಯೇ, "ಪುಡಿ ವಾಸನಿ ಐತಿ" ಅಂದ. ತಂಬಿಗೆಯನ್ನು ಅವನ ಕೈಗೇ ಕೊಟ್ಟು ಹೋದ. ಸಂಗಮೇಶ ಅದನ್ನು ಎದೆಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕುಸಿದು ಅತ್ತ. ನೀನು ಹೋದಂದಿನಿಂದ ಅವನು ಅತ್ತಿರಲಿಲ್ಲ.

ಜಯಶ್ರೀಯನ್ನು ನಾನು ನೋಡಿಕೊಳ್ಳುತ್ತೇನೆ. ನೀನಿರುವಲ್ಲಿ ನಿನಗೆ ನೀರಡಿಕೆ ಇಲ್ಲದಿರಲಿ, ಯಾರನ್ನೂ ಏನನ್ನೂ ಕೇಳಬೇಕಾಗದಿರಲಿ. ಹೋಗಿ ಬಾ ಅನ್ನಲಾರೆ, ಸುಖವಾಗಿರು.

ನಿನ್ನ
ವಿದ್ಯಾ