ಆ ತಲೆನೋವು ರೋಜಾದ್ದಲ್ಲ

ಪ್ಲೇನ್‌ಫೀಲ್ಡ್, ಇಲಿನಾಯ್
31 ಆಗಸ್ಟ್ 2009, ಸೋಮವಾರ

ಪ್ರೀತಿಯ ಮಗ ಅದ್ನಾನ್‌ಗೆ ನಿನ್ನ ಅಬ್ಬಾನ ಸಲಾಮು, ದುವಾ.

ಹೇಗಿದ್ದೀಯಪ್ಪ? ಮಂಡಿ, ಭುಜದ ಸಮಾಚಾರ ಆಮೇಲೆ. ಮೊದಲು ತಲೆ ಹೇಗಿದೆ ಹೇಳು. ಹರಿಹರದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಕನ್ನಡ ನಿನಗಿನ್ನೂ ಮರೆತಿಲ್ಲವೆಂದು ನಂಬಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಕೇಳಿದರೆ "ಐ ಆಮ್ ಫೈನ್, ಅಬ್ಬಾ" ಎಂದು ಇಟ್ಟುಬಿಡುತ್ತೀಯ. ನಾವು ಸುಮಾರಾಗಿದ್ದೇವೆ. ನೀನಿಲ್ಲದೆ ಇಫ್ತಾರಿನ ಸಮೋಸ ಉಳಿದು ನನ್ನ ಪಾಲಾಗುತ್ತಿವೆ. ರಂಜಾನಿನಲ್ಲಿ ದಪ್ಪಗಾಗುವವನು ಇಡೀ ಪ್ಲೇನ್‌ಫೀಲ್ಡಿನಲ್ಲಿ ನಾನೊಬ್ಬನೇ ಎಂದು ನಿನ್ನ ಅಮ್ಮಿ ಆಡಿಕೊಳ್ಳುತ್ತಾಳೆ.

ಜರ್ಮನಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಲು ಹೋದ ನಿನ್ನಂಥವರನ್ನು 'ಇಂಪೋರ್ಟ್' ಎನ್ನುತ್ತಾರೆಂದು ನೀನು ನಗುತ್ತಾ ಹೇಳಿದ್ದೆ. ಡೆಸ್ ಪ್ಲೇನ್ಸಿನ ಕಾರ್ಗೋ ಆಫೀಸಿನಲ್ಲಿ ಹನ್ನೆರಡು ವರ್ಷದಿಂದ ಆ ಪದವನ್ನು ಪೆಟ್ಟಿಗೆಗಳ ಕಾಗದದಲ್ಲಿ ನೋಡುತ್ತಿರುವ ನನಗೆ ನಗು ಬರಲಿಲ್ಲ. ಇಲ್ಲಿ ನನ್ನನ್ನು ಫಾರಿನರ್ ಎಂದರು, ಅಲ್ಲಿ ಅಮೆರಿಕದ ಪಾಸ್‌ಪೋರ್ಟಿನ ನಿನ್ನನ್ನು. ಒಂದು ಹೊತ್ತಿಗೆ ಮೈದಾನದಲ್ಲಿ ತಂಡಕ್ಕೆ ಇಬ್ಬರೇ ಅಮೆರಿಕನ್ನರಿರಬೇಕಂತೆ. ಉಳಿದವರು ದಿನವೆಲ್ಲ ಬ್ಯಾಂಕಿನಲ್ಲೋ ಗ್ಯಾರೇಜಿನಲ್ಲೋ ದುಡಿದು ಸಂಜೆ ಆಡಲು ಬರುವವರು. ಹಾಗಾಗಿ ಚೆಂಡೆಲ್ಲ ನಿನ್ನ ಕೈಗೆ, ಪೆಟ್ಟೆಲ್ಲ ನಿನ್ನ ತಲೆಗೆ. ಜಖಂ ಆಯಿತೆಂದು ಗೊತ್ತಾದರೆ ನಿನ್ನನ್ನು ವಾಪಸು ಕಳಿಸಿ ಇನ್ನೊಬ್ಬನನ್ನು ತರಿಸುತ್ತಾರೆ. ಅದಕ್ಕೇ ಅಲ್ಲವೇ ನೀನು ಬಾಯಿ ಬಿಡದಿರುವುದು?

ಎಂಟು ದಿನದ ಹಿಂದೆ, ಭಾನುವಾರ, ಫೋನಿನಲ್ಲಿ ನೀನು "ದಾದಿ ಹೇಗಿದ್ದಾರೆ, ಮಲಗಿದ್ದಾರಾ?" ಎಂದು ಕೇಳಿದೆ. ನಿನ್ನ ಅಮ್ಮಿ "ಹೂಂ, ಮಲಗಿದ್ದಾರೆ" ಎಂದಳು. ಅದ್ನಾನ್, ನಿನ್ನ ದಾದಿ, ನನ್ನ ತಾಯಿ, ತೀರಿಕೊಂಡು ಎರಡು ವರ್ಷವಾಯಿತು. ಗೋರಿಗೆ ಇಳಿದು ಅವರನ್ನು ಮಲಗಿಸಿದವನು ನೀನೇ. ಆಮೇಲೆ ನಾನು ತಲೆಯ ಬಗ್ಗೆ ಕೇಳಿದರೆ "ರೋಜಾ ಅಬ್ಬಾ, ಖಾಲಿ ಹೊಟ್ಟೆ, ಅಷ್ಟೇ" ಎಂದೆ. ಆ ಮಾತು ನಿನ್ನದಲ್ಲ ಮಗನೇ, ನನ್ನದು. ಅದಕ್ಕೇ ಅಂದಿನಿಂದ ನನಗೆ ನಿದ್ದೆಯಿಲ್ಲ.

ನಿನ್ನ ಹೈಸ್ಕೂಲಿನ ಕೊನೆಯ ವರ್ಷವೂ ಆಟದ ನಡುವೆ ರಂಜಾನ್ ಬಂದಿತ್ತು. ರೋಜಾ ಇಟ್ಟುಕೊಂಡು ಆಡುವ ಹುಡುಗನೆಂದು ನಿನ್ನ ಕೋಚ್ ಎಲ್ಲರೆದುರು ಹೊಗಳಿದಾಗ ನಾನು ಉಬ್ಬಿಹೋಗಿದ್ದೆ. ಮುಂದಿನ ಪಂದ್ಯದಲ್ಲೇ ನೀನು ಬಿದ್ದು, ಎದ್ದು, ವಾಂತಿ ಮಾಡಿಕೊಂಡೆ. "ತಲೆಯೊಳಗೆ ಏನೋ ಸದ್ದು ಬರ್ತಿದೆ ಅಬ್ಬಾ" ಎಂದೆ. ಡಾಕ್ಟರಿಗೆ ತೋರಿಸಿ ಎಂದು ಶಾಲೆಯವರು ಬರೆದುಕೊಟ್ಟ ಚೀಟಿಯನ್ನು ನಾನು ಜೇಬಿಗೆ ಹಾಕಿ, "ರೋಜಾ ಇದಾನೆ, ಎರಡು ಖರ್ಜೂರ ತಿಂದ್ರೆ ಸರಿಹೋಗ್ತಾನೆ" ಎಂದುಬಿಟ್ಟೆ. ಡಾಕ್ಟರಿಗೆ ತೋರಿಸಲಿಲ್ಲ. ಏನೂ ತೊಂದರೆಯಿಲ್ಲವೆಂದು ಸಹಿ ಹಾಕಿ ಮುಂದಿನ ಶುಕ್ರವಾರ ನಿನ್ನನ್ನು ಮತ್ತೆ ಆಟಕ್ಕೆ ಬಿಟ್ಟೆ. ಡಾಕ್ಟರು ಉಪವಾಸ ಬಿಡಿಸಿದರೆ, ಮಗ ರೋಜಾ ಮುರಿದನೆಂದು ಮಸೀದಿಯಲ್ಲಿ ಯಾರಾದರೂ ಅಂದುಕೊಂಡಾರೆಂಬ ಅಂಜಿಕೆ ನನಗೆ. ಕಾಯಿಲೆಯಾದವನಿಗೆ ವಿನಾಯಿತಿ ಇದೆಯೆಂದು ಗೊತ್ತಿದ್ದೂ ಹಾಗೆ ಮಾಡಿದೆ. ಆ ಚೀಟಿ ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ.

ಅಮ್ಮಿ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ. ಅಲ್ಲಾಹ್ ನಿನ್ನನ್ನು ಕಾಪಾಡಲಿ, ನಾನು ಕಾಪಾಡಲಿಲ್ಲ.

ನಿನ್ನ ಅಬ್ಬಾ,
ಅಶ್ಫಾಕ್

ವಿ.ಸೂ.: ಇಷ್ಟೆಲ್ಲ ಬರೆದದ್ದು ಇದೊಂದನ್ನು ಹೇಳಲು ಧೈರ್ಯ ಸಾಲದೆ. ಆ ಹಳೆಯ ಚೀಟಿಯನ್ನೂ, ನೀನು ದಾದಿಯನ್ನು ಕೇಳಿದ ಸಂಗತಿಯನ್ನೂ ಇವತ್ತು ಬೆಳಿಗ್ಗೆ ನಿಮ್ಮ ಕ್ಲಬ್ಬಿಗೆ ಫ್ಯಾಕ್ಸ್ ಮಾಡಿದ್ದೇನೆ. ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನಿನ್ನ ಜಾಗಕ್ಕೆ ಇನ್ನೊಬ್ಬ ಬಂದಿರುತ್ತಾನೆ. ಓಹೇರ್ ಏರ್‌ಪೋರ್ಟಿನಲ್ಲಿ ಕಾಯುತ್ತಿರುತ್ತೇನೆ. ನನ್ನನ್ನು ನೋಡಿ ಮುಖ ತಿರುಗಿಸಿಕೊ, ಮಾತು ಬಿಡು. ಆದರೆ ಇವನು ನನ್ನ ಅಬ್ಬಾ ಎಂದು ಗುರುತು ಸಿಕ್ಕಿಯೇ ತಿರುಗಿಸಿಕೊಳ್ಳಬೇಕು, ಅಷ್ಟು ಸಾಕು ನನಗೆ.