ಕನ್ನಡಿಯ ನಡುವಿನ ಬೊಟ್ಟು

ಸೆಪ್ಟೆಂಬರ್ 21, ಭಾನುವಾರ

ಕನ್ನಡಿ ತೊಳೆದೆ. ಕೊನೆಗೂ. ಮಳೆಗಾಲವಿಡೀ ಟೆಲಿಸ್ಕೋಪ್ ಮಂಚದ ಕೆಳಗೇ ಇತ್ತು. ತಳದ ದೊಡ್ಡ ಕನ್ನಡಿ ಬಿಚ್ಚಿದರೆ ಧೂಳೋ ಧೂಳು. ಬಾಲ್ದಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಹತ್ತಿಯಲ್ಲಿ ಸವರಿದ್ದಷ್ಟೇ. ಠಾಣೆ ಊರಿನ ಟೆಲಿಸ್ಕೋಪ್ ತಯಾರಿಯ ವರ್ಕ್‌ಶಾಪಿನಲ್ಲಿ ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಇದನ್ನು ಮಾಡಿದವಳು ನಾನೇ. ಈಗ ಮುಟ್ಟಲು ಹೆದರಿಕೆ!

ನಡುವಿಗೆ ಹೊಸ ಗುರುತು ಬೇಕಿತ್ತು. ನನ್ನ ಮರೂನ್ ಸ್ಟಿಕ್ಕರ್ ಬೊಟ್ಟು ಅಂಟಿಸಿದೆ, ಕಾಗದ ಮಡಚಿ ಸರಿಯಾದ ನಡು ಹುಡುಕಿ. ಇವರು ಬಾಗಿಲಲ್ಲಿ ನಿಂತು, “ಆಕಾಶ ನೋಡುವ ಕನ್ನಡಿಗೂ ಬೊಟ್ಟು ಇಡದಿದ್ರೆ ನಿಮಗೆ ಹೆಂಗಸರಿಗೆ ಸಮಾಧಾನ ಇಲ್ಲ ಅಲ್ವಾ?”

ವಿವರಿಸಿದೆ. ನಡುವಿನ ಜಾಗ ಹೇಗೂ ಎದುರಿನ ಚಿಕ್ಕ ಕನ್ನಡಿಯ ನೆರಳಲ್ಲಿರುತ್ತದೆ, ನಷ್ಟವೇನಿಲ್ಲ. ಬೊಟ್ಟು ಇರುವುದು ಗುರಿಗೆ. ಲೇಸರ್ ಬಿಟ್ಟರೆ ಚಿಕ್ಕ ಕನ್ನಡಿಗೆ ಬಡಿದು ಬೊಟ್ಟಿನ ಮೇಲೆ ಬೀಳಬೇಕು, ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಆಗ ಎರಡೂ ಕನ್ನಡಿ ಹೊಂದಿಕೊಂಡವು ಅಂತ… ಅರ್ಧಕ್ಕೇ ಕ್ರಿಕೆಟ್ ನೋಡಲು ಎದ್ದು ಹೋದರು.

ಕನ್ನಡಿ ಒಣಗಲಿ ಅಂತ ವಾಶ್‌ಬೇಸಿನ್ ಪಕ್ಕ ಒರಗಿಸಿದ್ದೇನೆ.

ಸೆಪ್ಟೆಂಬರ್ 24

ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಮುರಾರಿ ಭಾವೂ ಲಿಫ್ಟಿನಲ್ಲಿ ಸಿಕ್ಕಿ ಹೊಟ್ಟೆ ಉರಿಸಿದರು. ದೀಪಾವಳಿ ಕಳೆದ ಮೇಲೆ ಇಡೀ ಟೆರೇಸಿಗೆ ಪತ್ರಾ — ತಗಡಿನ ಮಾಡು! “ಲೀಕೇಜ್ ಖೂಪ್ ಆಹೇ ವೈನಿ, ಕಾಯ್ ಕರಣಾರ್?” ಸೋರುವುದು ಜಾಸ್ತಿಯಂತೆ, ಏನು ಮಾಡುವುದಂತೆ.

ಟೆರೇಸ್ ಕೀಲಿ ಹೊರಗೆ ಬರುವುದೇ ವರ್ಷಕ್ಕೊಮ್ಮೆ. ಕೋಜಾಗಿರಿ ಹುಣ್ಣಿಮೆಗೆ, ಎಲ್ಲರೂ ಸೇರಿ ಮಸಾಲೆ ಹಾಲು ಕುಡಿಯಲು. ಅಂದರೆ ಈ ಅಕ್ಟೋಬರ್ 6 ನನ್ನ ಪಾಲಿಗೆ ಕೊನೆಯ ಆಕಾಶ. ಮನೆಯ ಬಾಲ್ಕನಿಯಿಂದ ಕಾಣುವುದು ಪಡುವಣದ ಒಂದು ತುಂಡು ಮತ್ತು ಹೊಸ ಟವರಿನ ಕ್ರೇನು. ಸಂಜೆ ಶನಿ ಇರುವುದು ಮೂಡಣದಲ್ಲಿ.

ಅತ್ತೆಗೆ ಶನಿಯನ್ನು ತೋರಿಸಬೇಕು. ಬೇರೇನೂ ಬೇಡ ನನಗೆ. ಮದುವೆಯಾಗಿ ಡೊಂಬಿವಲಿಗೆ ಬಂದಾಗಿನಿಂದ ನೋಡುತ್ತಿದ್ದೇನೆ — ಪ್ರತಿ ಶನಿವಾರ ಎಳ್ಳೆಣ್ಣೆ ದೀಪ, ಮಗನ ಹೆಸರಲ್ಲೊಂದು, ನನ್ನ ಹೆಸರಲ್ಲೊಂದು. ಬೇಸಿಗೆಯಲ್ಲಿ ಪೊರೆ ತೆಗೆಸಿ ಕಣ್ಣು ಹೊಸದಾಗಿದೆ. ಕೇಳಿಯೇ ಬಿಟ್ಟೆ.

“ಚಂದ್ರನನ್ನು ತೋರಿಸು, ನೋಡ್ತೇನೆ. ಶನಿದೇವರ ಎದುರು ನಿಂತು ಕಣ್ಣಿಗೆ ಕಣ್ಣು ಕೊಡ್ಲಿಕ್ಕುಂಟಾ ಚಂಪಾ? ಗುಡಿಯಲ್ಲೇ ಬದಿಗೆ ನಿಲ್ಲುವವಳು ನಾನು.”

ಆಯಿತು. ಇನ್ನು ಅವರನ್ನು ಒಪ್ಪಿಸುವುದೂ ನನ್ನ ತಲೆಗೇ.

ಸೆಪ್ಟೆಂಬರ್ 28

ಹೊರಗೆ ಮಳೆ ಹೊಡೆಯುತ್ತಿದೆ. ಒಳಗೆ ನಾನು ಮತ್ತು ಸ್ಕ್ರೂಗಳು. ಮೊದಲು ಚಿಕ್ಕ ಕನ್ನಡಿ, ಆಮೇಲೆ ದೊಡ್ಡದು. ಕೂದಲೆಳೆಯಷ್ಟು ತಿರುಗಿಸು, ಎದ್ದು ನೋಡು, ಮತ್ತೆ ಕೂತು ತಿರುಗಿಸು. ಸೊಂಟ ಬಿದ್ದುಹೋಯಿತು. ಆದರೆ ಲೇಸರ್ ಬೊಟ್ಟಿನ ಮೇಲೆ ಕೂತಿದೆ! ವಾಪಸ್ ಕೂಡ ಸರಿಯಾಗಿ. ಖುಷಿಗೆ ಎರಡು ಸಲ ಚಹಾ.

ಈ ವರ್ಷ ಜಾಗ್ರತೆ ಜಾಸ್ತಿ ಬೇಕು. ಶನಿಯ ಬಳೆ ನಮ್ಮ ಕಡೆಗೆ ಅಂಚು ತಿರುಗಿಸಿದೆ, ಕಾಣುವುದು ತೆಳ್ಳಗಿನ ಗೆರೆ ಮಾತ್ರ. ಕನ್ನಡಿ ಚೂರು ವಾಲಿದರೂ ಗೆರೆ ಕಲಸಿಹೋಗುತ್ತದೆ. ಅತ್ತೆ ನೋಡಿ, ಇದೆಂತ ಕಡಲೆಬೇಳೆ ಅಂದಾರು.

ಅಕ್ಟೋಬರ್ 3

ಮೋಡ ಸರಿದ ಕೂಡಲೇ ಕ್ರೇನಿನ ತುದಿಯ ಕೆಂಪು ದೀಪಕ್ಕೆ ಹಿಡಿದು ನೋಡಿದೆ. ದೀಪಕ್ಕೆ ಬಾಲ! ಫೋಕಸ್ ತಪ್ಪಿಸಿದರೆ ಬಳೆಯೊಳಗೆ ಬಳೆ ಕಾಣಬೇಕು, ನಡುವಿಗೆ ನಡು. ಇಲ್ಲಿ ಎಲ್ಲ ಬಳೆ ಒಂದೇ ಕಡೆಗೆ ಜಾರಿವೆ. ಅಂದರೆ ಕನ್ನಡಿ ಹೊಂದಿಲ್ಲ.

ಲೇಸರ್ ಹಾಕಿದೆ. ಬೊಟ್ಟಿನ ಮೇಲೇ ಇದೆ. ದೀಪ ನೋಡಿದೆ. ಬಾಲ. ಮತ್ತೆ ಲೇಸರ್. ಮತ್ತೆ ಬಾಲ.

ಮಗಳು ಅನುಷ್ಕಾ ಕಾಲೇಜಿನಿಂದ ಬಂದವಳು, “ಮಮ್ಮಾ, ಛೋಡ್ ನಾ, ಚಾಂದ್ ತೋ ದಿಖೇಗಾ ಹೀ.” ಬಿಟ್ಟುಬಿಡಬೇಕಂತೆ, ಚಂದ್ರನಂತೂ ಕಾಣುತ್ತಾನಂತೆ. ಬೈದೆ. ಇವರಿಗೂ ಬೈದೆ, ಟಿವಿ ಸದ್ದಿಗೆ. ಸಾರಿಗೆ ಉಪ್ಪು ಹಾಕಲು ಮರೆತೆ. ಎಲ್ಲರೂ ಹಾಗೇ ಉಂಡು ಎದ್ದರು.

ಅಕ್ಟೋಬರ್ 5, ಭಾನುವಾರ

ಬರೆಯುವಾಗಲೂ ನಗು ತಡೆಯಲಾಗುತ್ತಿಲ್ಲ.

ಬೆಳಿಗ್ಗೆ ಹಟ ಹಿಡಿದು ದೊಡ್ಡ ಕನ್ನಡಿ ಪುನಃ ಬಿಚ್ಚಿದೆ. ಕಾಗದ ಮಡಚಿ ಮೇಲಿಟ್ಟು ನೋಡಿದರೆ — ಬೊಟ್ಟು ನಡುವಿನಲ್ಲಿಲ್ಲ! ಒಂದು ಹೆಸರುಕಾಳಿನಷ್ಟು ಬದಿಗೆ. ಅಂಚಿನಲ್ಲಿ ಪೌಡರ್ ಬೇರೆ. ತಪ್ಪು ಗುರಿಗೆ ನಾನು ವಾರವಿಡೀ ಸರಿಯಾಗಿ ಹೊಡೆಯುತ್ತಾ ಕೂತಿದ್ದೆ.

“ಯಾರು ಮುಟ್ಟಿದ್ದು?” ಕೂಗಿದ ಕೂಗಿಗೆ ಇವರು ಪೇಪರ್ ಕೆಳಗಿಟ್ಟರು.

ಅತ್ತೆ ದೇವರ ಕೋಣೆಯಿಂದಲೇ, “ನಾನೇ. ಅವತ್ತು ಬೇಸಿನ್ ಹತ್ತಿರ ಇಟ್ಟಿದ್ದಿಯಲ್ಲ. ಹೊಸ ಕನ್ನಡಿ ಅಂತ ಎಣಿಸಿದೆ. ಮುಖ ದೊಡ್ಡದಾಗಿ ಕಾಣ್ತದೆ, ಚಂದ ಉಂಟು. ಬೆಲ್ ಆಯ್ತು, ಹಾಲಿನವನು. ಹಣೆ ಖಾಲಿ ಇತ್ತು, ತೆಗೆದು ಇಟ್ಟುಕೊಂಡೆ. ಆಮೇಲೆ ಪುನಃ ಅಲ್ಲೇ ಅಂಟಿಸಿದ್ದೇನಲ್ಲ!”

ಅಲ್ಲೇ! ತಪ್ಪು ಅವರದ್ದಾದರೂ ಹೇಗೆ? ನಮ್ಮ ಮನೆಯಲ್ಲಿ ಬೊಟ್ಟು ಅಂಟಿರದ ಕನ್ನಡಿ ಯಾವುದಿದೆ? ಮಾವ ಹೋದ ಮೇಲೂ ಅತ್ತೆ ಬೊಟ್ಟು ಬಿಟ್ಟವರಲ್ಲ. ಊರವರು ಕೇಳಿದಾಗ “ಹಣೆ ನನ್ನದು” ಅಂದವರು. ನನಗೆ ಅವರಲ್ಲಿ ಪ್ರೀತಿ ಹುಟ್ಟಿದ್ದೇ ಆ ಮಾತಿಗೆ. ನಕ್ಕು ನಕ್ಕು ನೆಲದ ಮೇಲೇ ಕೂತೆ. ಅವರೂ ಬಂದು ಪಕ್ಕ ಕೂತರು.

ಹೊಸ ಬೊಟ್ಟು, ಸರಿಯಾದ ನಡು. ಸಂಜೆ ಕ್ರೇನಿನ ದೀಪಕ್ಕೆ ಬಾಲವಿಲ್ಲ. ಬಳೆಯೊಳಗೆ ಬಳೆ!

ಅಕ್ಟೋಬರ್ 6, ಕೋಜಾಗಿರಿ

ಸಂಜೆ ಆರು. ಮೂಡಣದಲ್ಲಿ ಮೋಡ. ಟೆರೇಸ್ ತೆರೆದಿದ್ದಾರೆ. ಅನುಷ್ಕಾ ಮತ್ತು ಇವರು ಟೆಲಿಸ್ಕೋಪ್ ಹೊತ್ತು ಮೆಟ್ಟಿಲಲ್ಲಿ ಜಗಳ ಆಡುತ್ತಿದ್ದಾರೆ. ಹೋದೆ—

ರಾತ್ರಿ ಊಟದ ನಂತರ

ಕಂಡ! ಕಂಡ!

ಹಾಲು ಕುದಿಯುವ ಹೊತ್ತಿಗೆ ಮೋಡ ಒಡೆಯಿತು. ಎಲ್ಲರಿಗೂ ಮೊದಲು ಚಂದ್ರ. ಆಮೇಲೆ ಅವನ ಹತ್ತಿರವೇ ಶನಿ — ಮುತ್ತಿಗೆ ಸೂಜಿ ಚುಚ್ಚಿದ ಹಾಗೆ ಗೆರೆ. ಚೊಕ್ಕ. ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ಹಾಕಿ ಕೂತಿದ್ದರು. ಕರೆಯಲು ನನಗೆ ಧೈರ್ಯ ಬರಲಿಲ್ಲ.

ಒಬ್ಬೊಬ್ಬರೇ ಬಗ್ಗಿ ನೋಡುವುದನ್ನು ತಿರುಗಿ ತಿರುಗಿ ಗಮನಿಸಿದವರು ತಾವೇ ಎದ್ದು ಬಂದರು. “ಕೊಳವೆ ಆಚೆ ತಿರುಗಿದೆ, ಕಣ್ಣಿಡುವುದು ಬದಿಯಲ್ಲಾ?”

“ಹೌದು ಅತ್ತೆ. ಚಿಕ್ಕ ಕನ್ನಡಿ ಬೆಳಕನ್ನು ಬದಿಗೆ ತಿರುಗಿಸುತ್ತದೆ.”

“ಅದನ್ನು ಮೊದಲೇ ಹೇಳ್ಲಿಕ್ಕೆ ಏನಾಗಿತ್ತು ನಿನಗೆ? ಎದುರು ನಿಲ್ಲುವುದಲ್ಲ, ಬದಿಗೇ ನಿಲ್ಲುವುದು. ಹಾಗಾದ್ರೆ ತೊಂದರೆ ಇಲ್ಲ.” ಚಪ್ಪಲಿ ಬಿಟ್ಟರು. ಬಗ್ಗಿದರು.

“ತೋಜುಂಡು! ತೋಜುಂಡು!” ಖುಷಿಯಾದರೆ ಅವರ ಬಾಯಲ್ಲಿ ತುಳುವೇ. ಕಾಣ್ತದೆ, ಕಾಣ್ತದೆ. ಆಮೇಲೆ ಮೆಲ್ಲಗೆ, ಅವನಿಗೇ, “ಇಷ್ಟು ಚಂದದವನಾ ನೀನು? ಇಷ್ಟು ವರ್ಷ ಸುಮ್ಮನೆ ಹೆದರಿಸಿದೆಯಲ್ಲ.”

ಅತ್ತುಬಿಟ್ಟೆ. ಹಾಲಿನ ಲೋಟ ಹಿಡಿದುಕೊಂಡೇ.

ಅಕ್ಟೋಬರ್ 7

ಮುರಾರಿ ಭಾವೂ ನಿನ್ನೆ ಮೂರು ಸಲ ಸಾಲಿನಲ್ಲಿ ನಿಂತಿದ್ದರು. ಇವತ್ತು ಗ್ರೂಪಿನಲ್ಲಿ ಮೆಸೇಜ್ — ಪತ್ರಾ ನೀರಿನ ಟ್ಯಾಂಕಿಯ ಬದಿಗೆ ಮಾತ್ರ, ಉಳಿದ ಕಡೆ ವಾಟರ್‌ಪ್ರೂಫಿಂಗ್ ಮಾಡಿದರೆ ಸಾಲದೇ, ಮೀಟಿಂಗಿನಲ್ಲಿ ಮಾತಾಡೋಣ. ಅತ್ತೆ ಮೀಟಿಂಗಿಗೆ ತಾನೂ ಬರುತ್ತೇನೆ ಅಂದಿದ್ದಾರೆ. ಪಾಪ ಭಾವೂ.

ಸಂಜೆ ಅತ್ತೆ ಮಾರ್ಕೆಟಿನಿಂದ ಬಂದವರು ಒಂದು ಬೊಟ್ಟಿನ ಪ್ಯಾಕೆಟ್ ನನ್ನ ಕೈಗಿಟ್ಟರು. ಮರೂನ್. “ಇದು ನಿನ್ನ ಕನ್ನಡಿಗೆ. ನಾನು ಮುಟ್ಟುವುದಿಲ್ಲ.”

ಈಗ ಅಡುಗೆಮನೆಯಿಂದ ಕರೆಯುತ್ತಿದ್ದಾರೆ. ಗುರು ಯಾವಾಗ ಕಾಣ್ತಾನೆ, ಅವನ ಎದುರಾದರೆ ಧೈರ್ಯವಾಗಿ ನಿಲ್ಲಬಹುದು, ಅಂತ—